ಗದ್ದೆ ತುಂಬಿಸಿ ಮಾರ್ಕೆಟ್ ಕಟ್ಟುವವರಿಗೆ

ಪೈಲಿಂಗ್, ಅಂದರೆ ಕಟ್ಟಡದ ಭಾರ ಹೊರಲು ನೆಲದಾಳಕ್ಕೆ ಕಂಬ (ಪೈಲ್) ಇಳಿಸುವುದರ ಬಗ್ಗೆ ಮತ್ತೆ ಮತ್ತೆ ಅದೇ ಪ್ರಶ್ನೆ ಬರುತ್ತಿದೆ. ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ಕರಾವಳಿಯ ನಮ್ಮೂರಲ್ಲಿ ಗದ್ದೆಗೆ 2 ಮೀಟರ್ ಕೆಂಪು ಮಣ್ಣು ತುಂಬಿಸಿ ಮೀನು ಮಾರ್ಕೆಟ್ ಕಟ್ಟುತ್ತಿದ್ದಾರೆ. ಅಡಿಯಲ್ಲಿ ಮೆತ್ತನೆ ಜೇಡಿ. ಪೈಲ್ ಗಟ್ಟಿ ಪದರ ಮುಟ್ಟಿದೆ, ಲೋಡ್ ಟೆಸ್ಟ್ ಪಾಸಾಗಿದೆ. ಇನ್ನೇನು ಭಯ ಅಲ್ವಾ?

ಭಯ ಇರುವುದು ತುಂಬಿಸಿದ ಮಣ್ಣಿನದ್ದೇ. 2 ಮೀಟರ್ ಮಣ್ಣು ಎಂದರೆ ಚದರ ಮೀಟರಿಗೆ ಸುಮಾರು 3.6 ಟನ್. ಅಂಗಡಿಯ ನೆಲಕ್ಕೆ ಐಎಸ್ 875 (ಕಟ್ಟಡದ ಭಾರ ಲೆಕ್ಕ ಹಾಕುವ ಭಾರತೀಯ ಮಾನದಂಡ) ಹೇಳುವ ಜನ, ಸಾಮಾನಿನ ಭಾರ ಸುಮಾರು 0.4 ಟನ್. ಒಬ್ಬ ಗಿರಾಕಿ ಬರುವ ಮೊದಲೇ ಅದರ ಒಂಬತ್ತು ಪಟ್ಟು ಹೇರಿದ್ದೀರಿ! ಆ ಒತ್ತಡಕ್ಕೆ ಜೇಡಿಯೊಳಗಿನ ನೀರು ವರ್ಷಗಟ್ಟಲೆ ಜಿನುಗಿ ಹೊರಬರುತ್ತದೆ. ನೀರು ಹೋದಷ್ಟೂ ನೆಲ ಇಳಿಯುತ್ತದೆ. ಪೈಲ್ ಇಳಿಯುವುದಿಲ್ಲ. ಹಾಗಾಗಿ ಸುತ್ತಲಿನ ಮಣ್ಣು ಅದನ್ನು ಹಿಡಿದು ಕೆಳಕ್ಕೆ ಜಗ್ಗುತ್ತದೆ. ನಾವು ಇದಕ್ಕೆ ನೆಗೆಟಿವ್ ಸ್ಕಿನ್ ಫ್ರಿಕ್ಷನ್ ಅನ್ನುತ್ತೇವೆ.

ಲೋಡ್ ಟೆಸ್ಟ್‌ಗೆ ಇದು ಸಿಕ್ಕುವುದಿಲ್ಲ. ಟೆಸ್ಟ್‌ನಲ್ಲಿ ಜಾಕ್ ಇಟ್ಟು ಒತ್ತುವಾಗ ಅದೇ ಜೇಡಿ ಪೈಲನ್ನು ಎತ್ತಿ ಹಿಡಿಯುತ್ತದೆ. ಮುಂದೆ ಜಗ್ಗಲಿರುವ ಮಣ್ಣೇ ಇವತ್ತು ನಿಮ್ಮ ಪರ ಸಾಕ್ಷಿ ಹೇಳಿದೆ. ಡಿಸೈನ್ ಮಾಡಿದವರನ್ನು ಕೇಳಿ: ಮೆತ್ತನೆ ಪದರದ ಹಿಡಿತವನ್ನು ಲೆಕ್ಕದಿಂದ ಬಿಟ್ಟಿದ್ದೀರಾ? ಜಗ್ಗುವ ಭಾರ ಸೇರಿಸಿದ್ದೀರಾ? 'ಪೈಲ್ ಹಾಕಿದ್ರೆ ಆಯ್ತು ಸಾರ್' ಎನ್ನುವ ಕಂಟ್ರಾಕ್ಟರ್ ಹತ್ತಿರ ಇದಕ್ಕೆ ಉತ್ತರ ಇರುವುದಿಲ್ಲ.

ಕಂಬಗಳು ಹೇಗೋ ನಿಂತಾವು, ನೆಲ ನಿಲ್ಲುವುದಿಲ್ಲ. ಮಣ್ಣಿನ ಮೇಲೇ ಹಾಕಿದ ಕಾಂಕ್ರೀಟ್ ಮಣ್ಣಿನ ಜೊತೆಗೇ ಇಳಿಯುತ್ತದೆ. ಚರಂಡಿಯ ಇಳಿಜಾರು ತಿರುಗಿ, ಮೀನು ತೊಳೆದ ನೀರು ಅಲ್ಲೇ ನಿಂತು ನಾರುತ್ತದೆ. ಮೆಕ್ಸಿಕೊ ಸಿಟಿಯಲ್ಲಿ 1910ರ ಸ್ವಾತಂತ್ರ್ಯ ಸ್ತಂಭದ ಸುತ್ತ ನೆಲ ಇಳಿದು, ಮೇಲೆ ಹತ್ತಲು 14 ಮೆಟ್ಟಿಲು ಸೇರಿಸಬೇಕಾಯಿತು. ಅಲ್ಲಿ ಕಾರಣ ಅಂತರ್ಜಲ ಹೀರಿದ್ದು, ಪರಿಣಾಮ ಇದೇ.

ನೆಲದ ಸ್ಲ್ಯಾಬ್ ಇನ್ನೂ ಹಾಕಿಲ್ಲವೆಂದರೆ ಅದನ್ನೂ ಪೈಲ್ ಹೊರುವ ಬೀಮಿನ ಮೇಲೇ ಕೂರಿಸಿ. ಹೆಚ್ಚುವರಿ ಪೈಲ್ ಬೇಕಾದರೆ ಹಾಕಲೇಬೇಕು. ಚರಂಡಿ, ಪೈಪುಗಳನ್ನು ಸ್ಲ್ಯಾಬಿಗೇ ತೂಗುಹಾಕಿ. ಸ್ಲ್ಯಾಬಿನ ಅಡಿಯ ಮಣ್ಣು ತೆಗೆಸಿದರೆ ಇನ್ನೂ ಒಳ್ಳೆಯದು. ಆದರೆ ಜೆಸಿಬಿಯಲ್ಲಿ ಒಂದೇ ಕಡೆ ಅಗೆಯಬೇಡಿ, ಜೇಡಿ ಸರಿದು ಪೈಲ್ ವಾಲುತ್ತದೆ. ಇನ್ನೂ ಪೈಲಿಂಗ್ ಶುರುವಾಗದವರು ಮಣ್ಣನ್ನು ಮೊದಲೇ ತುಂಬಿಸಿ, ಜೇಡಿಯೊಳಕ್ಕೆ ನೀರು ಬಸಿಯುವ ಡ್ರೈನ್ ಇಳಿಸಿ, ಇಳಿತ ಅಳೆಯುತ್ತಾ ಕಾಯಿರಿ. ಉದ್ಘಾಟನೆಯ ತಾರೀಕು ನೋಡಿಕೊಂಡು ಜೇಡಿ ಗಟ್ಟಿಯಾಗುವುದಿಲ್ಲ.

ಪ್ರಶ್ನೆ: ಬೋರ್‌ವೆಲ್ ಲಾರಿಯವರು 40 ಅಡಿಗೆ ಬಂಡೆ ಅಂದರು. ಸಾಯಿಲ್ ಟೆಸ್ಟ್ ಬೇಕಾ?

ಬೇಕು. ಅವರು ಹುಡುಕುವುದು ನೀರು.

ಪ್ರಶ್ನೆ: ತೆಂಗಿನಕಾಯಿ ಹಿಡಿದು ಗಟ್ಟಿ ನೆಲ ತೋರಿಸುವವರು ಇದ್ದಾರೆ, ನಂಬಬಹುದೇ?

ಕಾಯಿಯನ್ನು ಚಟ್ನಿಗೆ ಕೊಡಿ.

ಪ್ರಶ್ನೆ: ಬುಡ ಅಗಲವಿರುವ ಅಂಡರ್‌ರೀಮ್ಡ್ ಪೈಲ್ ಆಗುತ್ತದೆಯೇ?

ಅದು ಎರೆಮಣ್ಣಿಗೆ. ನೀರು ತುಂಬಿದ ಕೆಸರಲ್ಲಿ ಗುಂಡಿಯೇ ಕುಸಿಯುತ್ತದೆ.

ಪ್ರಶ್ನೆ: ನೀರಿರುವ ಪೈಲ್ ಗುಂಡಿಗೆ ಮೇಲಿನಿಂದಲೇ ಕಾಂಕ್ರೀಟ್ ಸುರಿಯುತ್ತಿದ್ದಾರೆ. ಪರವಾಗಿಲ್ಲವೇ?

ಖಂಡಿತ ಆಗದು. ಸಿಮೆಂಟ್ ತೊಳೆದುಹೋಗಿ ಜಲ್ಲಿಯಷ್ಟೇ ಉಳಿಯುತ್ತದೆ. ಕಾಂಕ್ರೀಟ್ ಇಳಿಸುವ ಉದ್ದನೆಯ ಟ್ರೆಮಿ ಪೈಪು ತಳದವರೆಗೆ ಇಳಿಯಬೇಕು, ಅದರ ತುದಿ ಸದಾ ಕಾಂಕ್ರೀಟಿನೊಳಗೇ ಇರಬೇಕು. ಪೈಪಿಲ್ಲ ಎಂದರೆ ಅವತ್ತಿನ ಕೆಲಸ ನಿಲ್ಲಿಸಿ.