ಹೊರೆ ಹೊತ್ತ ಸೈಕಲ್ಲಿಗೆ ಎಷ್ಟು ದಪ್ಪದ ಟೈರು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಡೊಂಬಿವಲಿಯಿಂದ: ಡಿಸೆಂಬರಿನಲ್ಲಿ ಗೆಳೆಯರಿಬ್ಬರು ಮಾಂಡವಾದಿಂದ ಹೊರಟು ಹರಿಹರೇಶ್ವರ, ಗುಹಾಗರ, ಮಾಲ್ವಣ ಹಾದು ಗೋವಾ ಸೇರಬೇಕೆಂದಿದ್ದೇವೆ. ನನ್ನದು ವಿ-ಬ್ರೇಕಿನ (ರಿಮ್ಮನ್ನು ಎರಡೂ ಕಡೆಯಿಂದ ಒತ್ತುವ ಬ್ರೇಕು) ಹೈಬ್ರಿಡ್ ಸೈಕಲ್ಲು, ಈಗಿರುವುದು 700×32 ಟೈರು (ಅಂದರೆ 32 ಮಿ.ಮೀ. ದಪ್ಪದ್ದು). ನನ್ನ ತೂಕ 70 ಕಿಲೋ, ಹಿಂದಿನ ಕ್ಯಾರಿಯರ್ ಮೇಲೆ 14 ಕಿಲೋ ಸಾಮಾನು. ಅಂಗಡಿಯವರು ‘ದೂರ ಹೋಗೋರಿಗೆ ಸಣ್ಣ ಟೈರೇ ಹಗುರ, 28 ಹಾಕಿಸಿ’ ಅಂತಾರೆ. ಏನು ಮಾಡಲಿ?

ಉತ್ತರ: 28 ಖಂಡಿತ ಬೇಡ. ಫ್ರೇಮಿನಲ್ಲಿ ಜಾಗವಿದ್ದರೆ 40ಕ್ಕೆ ಹೋಗಿ, ಇಲ್ಲದಿದ್ದರೆ 35 ಅಥವಾ 37. ಸಾಮಾನಿಲ್ಲದೆ ನುಣುಪು ಡಾಂಬರಿನ ಮೇಲೆ ಓಡಿಸುವವರಿಗಾದರೆ ಅಂಗಡಿಯವರ ಮಾತು ನಡೆದೀತು. ನಿಮ್ಮ ಲೆಕ್ಕ ಬೇರೆ. ನೀವು, ಸಾಮಾನು, ಸುಮಾರು 14 ಕಿಲೋ ಸೈಕಲ್ಲು ಸೇರಿದರೆ 98 ಕಿಲೋ. ಚೀಲಗಳೆಲ್ಲ ಹಿಂದೆಯೇ ಇರುವುದರಿಂದ ಅದರಲ್ಲಿ 60 ಕಿಲೋದಷ್ಟು ಹಿಂದಿನ ಚಕ್ರವೊಂದರ ಮೇಲೇ ಕೂರುತ್ತದೆ. 28ರ ಟೈರಿನಲ್ಲಿ ಇಷ್ಟು ಭಾರ ಹೊರಬೇಕಾದರೆ ಗಾಳಿಯನ್ನು ಕಲ್ಲಿನಂತೆ ತುಂಬಬೇಕು. ಆಗ ರಸ್ತೆಯ ಪ್ರತಿ ಗುಂಡಿಯೂ ಕ್ಯಾರಿಯರಿನ ಬೋಲ್ಟಿಗೆ, ಚಕ್ರದ ಕಡ್ಡಿಗಳಿಗೆ, ನಿಮ್ಮ ಅಂಗೈಗೆ ನೇರವಾಗಿ ಬಡಿಯುತ್ತದೆ. ಗಾಳಿ ಕಮ್ಮಿ ಮಾಡಿದಿರೋ, ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ, ಹಾವು ಕಚ್ಚಿದ ಗುರುತಿನ ಹಾಗೆ. 32ರಿಂದ 40ಕ್ಕೆ ಹೋದರೆ ಒಳಗೆ ಹಿಡಿಯುವ ಗಾಳಿ ಒಂದೂವರೆ ಪಟ್ಟಾಗುತ್ತದೆ. ಅಷ್ಟು ಗಾಳಿಯಿದ್ದರೆ ಕಡಿಮೆ ಒತ್ತಡದಲ್ಲೂ ರಿಮ್ಮಿಗೆ ಪೆಟ್ಟು ತಾಗದು.

ಜಾಗ ಅಳೆಯುವುದನ್ನು ಮಾತ್ರ ಕಣ್ಣಂದಾಜಿಗೆ ಬಿಡಬೇಡಿ. ಮೂರು ಕಡೆ ನೋಡಬೇಕು: ಪೆಡಲಿನ ಅಚ್ಚಿನ ಹಿಂದೆ ಫ್ರೇಮಿನ ಎರಡು ಕೊಳವೆಗಳು ಹತ್ತಿರವಾಗುವಲ್ಲಿ, ಹಿಂದಿನ ಬ್ರೇಕಿನ ಬಳಿಯ ಅಡ್ಡಪಟ್ಟಿಯ ಕೆಳಗೆ, ಮುಂದಿನ ಫೋರ್ಕಿನ ನೆತ್ತಿಯ ಕೆಳಗೆ. 40 ಹಾಕಿದರೆ ಈಗಿರುವುದಕ್ಕಿಂತ ಪಕ್ಕಕ್ಕೆ ತಲಾ 4 ಮಿ.ಮೀ., ಮೇಲಕ್ಕೆ ಸುಮಾರು 8 ಮಿ.ಮೀ. ಹೆಚ್ಚು ಬೇಕು. ಅದರ ಮೇಲೆ ಕನಿಷ್ಠ 6 ಮಿ.ಮೀ. ಖಾಲಿ ಉಳಿಯಬೇಕು. ಅಂದರೆ ಈಗಿರುವ ಟೈರಿನ ಎರಡೂ ಪಕ್ಕದಲ್ಲಿ 10 ಮಿ.ಮೀ. ಅಲೆನ್ ಕೀ ಸಲೀಸಾಗಿ ತೂರಬೇಕು. ತಡೆದರೆ 40ರ ಆಸೆ ಬಿಡಿ. ಈ ಖಾಲಿ ಜಾಗ ಸುಮ್ಮನೆ ಹೇಳಿದ್ದಲ್ಲ: ದಾರಿಯಲ್ಲಿ ಒಂದು ಕಡ್ಡಿ ಮುರಿದರೆ ಚಕ್ರ ಮೂರ್ನಾಲ್ಕು ಮಿ.ಮೀ. ಓಲಾಡುತ್ತದೆ, ಜಾಗವಿಲ್ಲದ ಟೈರು ಫ್ರೇಮನ್ನು ಉಜ್ಜಿ ಅಲ್ಲೇ ನಿಲ್ಲಿಸುತ್ತದೆ. ಮಡ್‌ಗಾರ್ಡ್ ಇದ್ದರೆ ಅದರೊಳಗಿನಿಂದಲೇ ಅಳೆಯಿರಿ. ಕೆಂಪು ಮಣ್ಣು ಒದ್ದೆಯಾದಾಗ ಮೆತ್ತಿಕೊಳ್ಳುವುದೂ ಅಲ್ಲೇ.

ಹೊಸ ಟೈರಿನ ಪಕ್ಕದಲ್ಲಿ 40-622 ಎಂದು ಅಚ್ಚಾಗಿರಬೇಕು. ಮೊದಲ ಅಂಕಿ ದಪ್ಪ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಡಬ್ಬದ ಮೇಲೆ 700ಸಿ ಎನ್ನಲಿ, 29 ಇಂಚು ಎನ್ನಲಿ, 622 ಇದ್ದರೆ ಅದು ನಿಮ್ಮ ರಿಮ್ಮಿನದೇ. ಟ್ಯೂಬನ್ನೂ ಅದೇ ದಪ್ಪಕ್ಕೆ ಕೊಳ್ಳಿ. ಸಣ್ಣ ಟ್ಯೂಬನ್ನು ದೊಡ್ಡ ಟೈರಿನಲ್ಲಿ ಉಬ್ಬಿಸಿದರೆ ತೆಳ್ಳಗಾಗಿ ಬೇಗ ತೂತಾಗುತ್ತದೆ.

ಗಾಳಿ: ಹಿಂದೆ 50–55 ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ), ಮುಂದೆ 35–40ರಿಂದ ಶುರು ಮಾಡಿ. ಟೈರಿನ ಮೇಲೆ ಬರೆದ ಗರಿಷ್ಠ ಅಂಕಿ ದಾಟಬಾರದ ಗೆರೆ, ತುಂಬಲೇಬೇಕಾದ ಅಳತೆಯಲ್ಲ. ಹೆಬ್ಬೆರಳಲ್ಲಿ ಒತ್ತಿ ‘ಸಾಕು’ ಎನ್ನುವ ಪರೀಕ್ಷೆಯನ್ನು ಮರೆತುಬಿಡಿ, 50ಕ್ಕೂ 80ಕ್ಕೂ ಹೆಬ್ಬೆರಳಿಗೆ ವ್ಯತ್ಯಾಸ ತಿಳಿಯದು. ಮನೆಯಲ್ಲೇ ಹೀಗೆ ನೋಡಿ: ಸಾಮಾನು ಏರಿಸಿದ ಸೈಕಲ್ಲನ್ನು ಗೋಡೆಯ ಪಕ್ಕ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಗೆಳೆಯರು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯಲಿ. ಆಗ ಟೈರಿನ ತುದಿಯಿಂದ ರಿಮ್ಮಿನ ಅಂಚಿಗೆ ಎಷ್ಟಿದೆಯೆಂದು ಸ್ಕೇಲಿನಲ್ಲಿ ಅಳೆಯಿರಿ. ಆಮೇಲೆ ಚಕ್ರ ಇಳಿಸಿ, ನೀವು ಸವಾರಿಯ ಭಂಗಿಯಲ್ಲಿ ಕೂತು, ನೆಲದಿಂದ ಅದೇ ಅಂಚಿಗೆ ಮತ್ತೆ ಅಳೆಯಿಸಿ. 40ರ ಟೈರು 6 ಮಿ.ಮೀ.ಯಷ್ಟು ಕುಗ್ಗಿದ್ದರೆ ಸರಿ. ಹತ್ತರ ಮೇಲಾದರೆ ಗಾಳಿ ಕಮ್ಮಿ, ಮೂರಕ್ಕೇ ನಿಂತರೆ ಹೆಚ್ಚು.

ಗೊರಸಿನಂಥ ಗುಬ್ಬಿಯಿರುವ ಟೈರು ನಿಮಗೆ ಬೇಡ. ಸೈಕಲ್ಲಿನ ವೇಗದಲ್ಲಿ ಟೈರು ನೀರಿನ ಮೇಲೆ ತೇಲುವುದಿಲ್ಲ. ಡಾಂಬರನ್ನು ಕಚ್ಚುವುದು ರಬ್ಬರೇ ಹೊರತು ಡಿಸೈನಲ್ಲ. ನಡುವೆ ನುಣುಪಾಗಿ ಅಂಚಿನಲ್ಲಷ್ಟೇ ಸಣ್ಣ ಗೀರುಗಳಿದ್ದರೆ ಸಾಕು. ಆದರೆ ಯಾವ ಟೈರೂ ಕೈಕೊಡುವ ಜಾಗವೊಂದಿದೆ. ದಾಭೋಳದಿಂದ ಧೋಪಾವೆಗೆ, ತವಸಾಳದಿಂದ ಜಯಗಡಕ್ಕೆ ಫೆರಿ ಹಿಡಿಯುವಾಗ ಇಳಿಜಾರು ಧಕ್ಕೆಯ ಕೆಳತುದಿ ಸಮುದ್ರದ ಇಳಿತದ ಹೊತ್ತಿಗೆ ಪಾಚಿಗಟ್ಟಿರುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ.

ಅಂದ ಹಾಗೆ, ಹ್ಯಾಂಡಲಿನ ಮೀಟರಿನಲ್ಲಿ ಚಕ್ರದ ಸುತ್ತಳತೆಯನ್ನು 2155ರಿಂದ 2200 ಮಿ.ಮೀ.ಗೆ ಬದಲಿಸಿ. ಇಲ್ಲದಿದ್ದರೆ 600 ಕಿ.ಮೀ. ಓಡಿಸಿದವರಿಗೆ ಅದು ಹನ್ನೆರಡು ಕಿ.ಮೀ. ಕಮ್ಮಿ ಕೊಡುತ್ತದೆ!

ಪಿಂಪ್ರಿಯಿಂದ: ಪುಣೆ–ಕೊಲ್ಹಾಪುರ ಹೆದ್ದಾರಿಯಲ್ಲಿ ಅಭ್ಯಾಸ ಮಾಡುವಾಗ ಒಂದೇ ದಿನ ಹಿಂದಿನ ಚಕ್ರ ನಾಲ್ಕು ಸಲ ಪಂಕ್ಚರ್. ಹೊಸ ಟ್ಯೂಬು ಹಾಕಿದರೂ ಅರ್ಧ ಗಂಟೆಗೆ ಗಾಳಿ ಇಳಿಯುತ್ತಿತ್ತು. ಟೈರೇ ಕೆಟ್ಟದ್ದೇ? ಮುಂದೆ ಆಂಬೋಲಿ ಘಾಟಿಯಲ್ಲಿ ಇಳಿಯಬೇಕಿದೆ.

ಉತ್ತರ: ನಾಲ್ಕು ಪಂಕ್ಚರಿಗೂ ತಂತಿಯ ಒಂದೇ ಎಳೆ ಕಾರಣವಿರಬಹುದು. ಸವೆದು ಒಡೆದ ಲಾರಿ ಟೈರುಗಳಿಂದ ಉದುರುವ ಕೂದಲೆಳೆಯಂಥ ಉಕ್ಕಿನ ತಂತಿ ಹೆದ್ದಾರಿಯ ಅಂಚಿನಲ್ಲಿ ಬಿದ್ದಿರುತ್ತದೆ. ಸೈಕಲ್ಲು ಓಡುವುದೂ ಅದೇ ಅಂಚಿನಲ್ಲಿ. ಹೊರಗಿನಿಂದ ಕಾಣದು, ಬೆರಳಿಗೂ ಸುಲಭಕ್ಕೆ ಸಿಗದು. ಭಾರ ಬಿದ್ದಾಗ ಮಾತ್ರ ಒಳಗೆ ಇಣುಕಿ ಚುಚ್ಚುತ್ತದೆ.

ಟೈರು ಹಾಕುವಾಗ ಅದರ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸುವ ಅಭ್ಯಾಸ ಮಾಡಿ. ಪಂಕ್ಚರ್ ಆದಾಗ ಟ್ಯೂಬಿಗೆ ಗಾಳಿ ತುಂಬಿ ತೂತು ಹುಡುಕಿ, ಟ್ಯೂಬನ್ನು ಟೈರಿನ ಪಕ್ಕಕ್ಕೆ ಹಿಡಿದರೆ ಮುಳ್ಳೋ ತಂತಿಯೋ ಇರುವ ಜಾಗ ಒಂದು ಗೇಣಿನೊಳಗೆ ಗೊತ್ತಾಗುತ್ತದೆ. ಅಲ್ಲಿ ಟೈರಿನ ಒಳಮೈಗೆ ಚೂರು ಹತ್ತಿಯನ್ನು ಸವರಿ. ಎಳೆ ಸಿಕ್ಕಿಕೊಂಡಲ್ಲೇ ಕಳ್ಳ ಇದ್ದಾನೆ. ಚಿಮಟದಿಂದ ಕೀಳಿ, ಬರಿ ಬೆರಳಿನಲ್ಲಿ ಪ್ರಯತ್ನಿಸಿದರೆ ತುದಿ ಮುರಿದು ಒಳಗೇ ಉಳಿಯುತ್ತದೆ. ತೂತು ಟ್ಯೂಬಿನ ಒಳಸುತ್ತಿನಲ್ಲಿ, ಅಂದರೆ ಕಡ್ಡಿಗಳ ಕಡೆಗಿದ್ದರೆ ಟೈರನ್ನು ಬೈಯಬೇಡಿ. ರಿಮ್ಮಿನ ಒಳಸುತ್ತಿಗೆ ಹಾಸಿದ ರಿಮ್ ಟೇಪು ಸರಿದು ಕಡ್ಡಿಯ ತೂತು ಬಾಯಿ ತೆರೆದಿರುತ್ತದೆ.

ಟೈರು ಬದಲಿಸುವುದಾದರೆ ಒಳಗೆ ಪಂಕ್ಚರ್ ತಡೆಯುವ ಪದರ ಇರುವುದನ್ನು ಕೊಳ್ಳಿ. ಷ್ವಾಲ್ಬೆ ಮ್ಯಾರಥಾನ್ ಪ್ಲಸ್‌ನಲ್ಲಿ ಈ ಪದರ 5 ಮಿ.ಮೀ. ದಪ್ಪ, ಜಾಲಿ ಮುಳ್ಳಿಗೆ ಬಗ್ಗುವುದಿಲ್ಲ. ಆದರೆ ಒಂದೊಂದು ಟೈರೂ ಮುಕ್ಕಾಲು ಕಿಲೋ ಮೀರಿ ತೂಗುತ್ತದೆ, ಏರಿನಲ್ಲಿ ಅದು ಗೊತ್ತಾಗುತ್ತದೆ. ಹಿಂದಕ್ಕೆ ಅಂಥದ್ದು, ಮುಂದಕ್ಕೆ ಹಗುರದ್ದು ಹಾಕಿದರೆ ನಷ್ಟವಿಲ್ಲ. ಪಂಕ್ಚರ್ ಹೆಚ್ಚಾಗುವುದು ಭಾರ ಹೊತ್ತ ಹಿಂದಿನ ಚಕ್ರಕ್ಕೇ.

ಆಂಬೋಲಿಯ ಇಳಿತದಲ್ಲಿ ರಿಮ್ ಬ್ರೇಕನ್ನು ಒಂದೇ ಸಮನೆ ಹಿಡಿದಿರಬೇಡಿ. ರಿಮ್ ಕಾದರೆ ಒಳಗಿನ ಗಾಳಿಯೂ ಕಾದು ಒತ್ತಡ ಏರುತ್ತದೆ, ಅಂಚು ಸಡಿಲವಿದ್ದ ಟೈರು ಸಿಡಿದು ಕಳಚಬಹುದು. ಬಿಟ್ಟು ಬಿಟ್ಟು ಹಿಡಿಯಿರಿ, ನಡುವೆ ನಿಂತು ರಿಮ್ ಆರಲು ಬಿಡಿ.

ವಾಸ್ಕೋದಿಂದ: ಟ್ಯೂಬ್‌ಲೆಸ್ (ಒಳಗೆ ಟ್ಯೂಬಿಲ್ಲದ ಟೈರು) ಮಾಡಿಸಿದರೆ ಪಂಕ್ಚರಿನ ಗೋಳೇ ಇಲ್ಲವಂತೆ, ಹೌದೇ?

ಉತ್ತರ: ಸಣ್ಣ ಮುಳ್ಳಿನ ಗೋಳು ಇಲ್ಲ, ಹೌದು. 40ರ ಟೈರಿಗೆ ತಲಾ 60 ಮಿ.ಲೀ. ಸೀಲೆಂಟ್ ಎಂಬ ದ್ರವ ಹಾಕಿದರೆ ಮುಳ್ಳಿನ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಆದರೆ ನಮ್ಮ ಕರಾವಳಿಯ ಸೆಖೆಗೆ ಆ ದ್ರವ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಟೈರಿನ ಪಕ್ಕ ಸೀಳಿದರೆ ಅದರಿಂದ ಆಗದು, ಟ್ಯೂಬೇ ಹಾಕಬೇಕು. ರಿಮ್ ಟ್ಯೂಬ್‌ಲೆಸ್‌ಗೆ ಮಾಡಿದ್ದಲ್ಲದಿದ್ದರೆ ಆ ಯೋಚನೆಯೇ ಬೇಡ.

ಮಡಗಾಂವಿನಿಂದ: ತಂದೆಯವರ ಹಳೆಯ 28 ಇಂಚಿನ ಕರಿ ಸೈಕಲ್ಲಿನಲ್ಲಿ ಕಾರವಾರಕ್ಕೆ ಹೋಗಬೇಕು. ಅದಕ್ಕೆ 700ಸಿ ಟೈರು ಕೂರುತ್ತದೆಯೇ?

ಉತ್ತರ: ಕೂರುವುದಿಲ್ಲ. 28×1½ ಟೈರು ರಿಮ್ಮಿನ ಮೇಲೆ ಕೂರುವ ವ್ಯಾಸ 635 ಮಿ.ಮೀ., 700ಸಿಯದು 622. ಹದಿಮೂರು ಮಿ.ಮೀ. ಚಿಕ್ಕ ಟೈರನ್ನು ಲಿವರ್ ಹಾಕಿ ಎಳೆದರೂ ಅಂಚಿನ ತಂತಿ ಹಿಗ್ಗದು. 28×1½ನ್ನೇ ಕೊಳ್ಳಿ, ಪೇಟೆಯ ಹಳೆಯ ಸೈಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಹೊರಡುವ ಮೊದಲು ವಾಲ್ವಿನ ರಬ್ಬರ್ ನಳಿಕೆ ಹೊಸದು ಹಾಕಿ, ಇನ್ನೆರಡು ಜೇಬಿನಲ್ಲಿರಲಿ.

ಠಾಣೆಯಿಂದ: ಮೂವರು ಒಟ್ಟಿಗೆ ಹೋಗುವಾಗ ಬದಲಿ ಟೈರು ಎಷ್ಟು ಬೇಕು?

ಉತ್ತರ: ಮೂವರದೂ ಒಂದೇ ಅಳತೆಯಾದರೆ ಒಂದು ಸಾಕು, ಅಂಚಿನಲ್ಲಿ ತಂತಿಯಿಲ್ಲದ ಮಡಚುವಂಥದ್ದು. ಟ್ಯೂಬು ತಲಾ ಎರಡು. ಜೊತೆಗೆ ಮೂರು ಲಿವರ್, ಪ್ಯಾಚು, ಉಪ್ಪುಕಾಗದ, ಮುಚ್ಚಳ ತೆರೆಯದ ಸಲ್ಯೂಷನ್. ಒಮ್ಮೆ ತೆರೆದದ್ದು ಕೆಲವೇ ತಿಂಗಳಲ್ಲಿ ಒಣಗಿರುತ್ತದೆ. ಹಳೆಯ ಟೈರಿನಿಂದ ಮೂರು ಬೆರಳಗಲದ ತುಂಡೊಂದನ್ನು ಕತ್ತರಿಸಿ ಇಟ್ಟುಕೊಳ್ಳಿ. ಟೈರಿನ ಪಕ್ಕ ಸೀಳಿದಾಗ ಅದನ್ನು ಒಳಗಿನಿಂದ ಒತ್ತುಕೊಟ್ಟು, ಗಾಳಿಯನ್ನು ಹತ್ತು ಪಿ.ಎಸ್.ಐ. ಇಳಿಸಿ, ಮುಂದಿನ ಊರಿನವರೆಗೆ ನಿಧಾನವಾಗಿ ಹೋಗಬಹುದು.