ಮಾನಿಟರ್ ಒಳಗಿನ ಧೂಳು: ಬಿಚ್ಚುವ ಮುಂಚೆ ಇಷ್ಟು ನೋಡಿ

ಸರ್, ನೀವು ಹಾಕಿದ ಫೋಟೋ ನೋಡಿದೆ. ಐದು ವರ್ಷ ಹಳೆಯ 22 ಇಂಚಿನ ಎಲ್‌ಇಡಿ ಮಾನಿಟರ್, ಎಡಗಡೆ ಕೆಳಮೂಲೆಯಲ್ಲಿ ಬೂದು ಚುಕ್ಕೆಗಳು, ಎಷ್ಟು ಒರೆಸಿದರೂ ಹೋಗುತ್ತಿಲ್ಲ, ಬಿಚ್ಚಿ ಕ್ಲೀನ್ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ಅದು ಧೂಳು ಹೌದೋ ಅಲ್ವೋ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಪರದೆ ತುಂಬ ಬಿಳಿ ಬಣ್ಣ ತರಿಸಿ. ಮೌಸ್ ಬಾಣವನ್ನು ಒಂದು ಚುಕ್ಕೆಯ ಪಕ್ಕದಲ್ಲೇ ನಿಲ್ಲಿಸಿ, ತಲೆಯನ್ನು ಎಡಕ್ಕೆ ಬಲಕ್ಕೆ ಸರಿಸಿ ನೋಡಿ. ಚುಕ್ಕೆ ಬಾಣದಿಂದ ಸ್ವಲ್ಪ ದೂರ ಹೋಗಿ ಮತ್ತೆ ಹತ್ತಿರ ಬಂದಂತೆ ಕಂಡರೆ ಅದು ಗಾಜಿನ ಹಿಂದೆ ಬೆಳಕನ್ನು ಹರಡಲು ಇಟ್ಟಿರುವ ತೆಳು ಹಾಳೆಗಳ ಮೇಲಿದೆ. ಜಾಗ ಬಿಟ್ಟು ಕದಲದೆ, ಚೂಪಾದ ಅಂಚಿನ ಪುಟ್ಟ ಕಪ್ಪು ಚೌಕದ ಹಾಗಿದ್ದರೆ ಅದು ಸತ್ತ ಪಿಕ್ಸೆಲ್, ಅಂದರೆ ಪರದೆಯಲ್ಲೇ ಕೆಟ್ಟುಹೋದ ಒಂದು ಬಿಂದು. ಬಿಚ್ಚಿದರೂ ಪ್ರಯೋಜನವಿಲ್ಲ. ನಿಮ್ಮ ಫೋಟೋದಲ್ಲಿ ಅಂಚು ಮಸುಕಾಗಿದೆ, ಹಾಗಾಗಿ ಧೂಳು ಅಂತಲೇ ನನ್ನ ಅಂದಾಜು. ಮಸುಕು ಜಾಸ್ತಿ ಆದಷ್ಟೂ ಧೂಳು ಆಳದಲ್ಲಿದೆ ಅಂತ ಲೆಕ್ಕ.

ಚುಕ್ಕೆ ದಿನಕ್ಕೊಂದು ಕಡೆ ಕಾಣಿಸುತ್ತಿದ್ದರೆ ಅದು ಮಳೆಗಾಲದಲ್ಲಿ ಬೆಳಕಿಗೆ ಬರುವ ಸಣ್ಣ ಹುಳ. ದಯವಿಟ್ಟು ಬೆರಳಿಂದ ಒತ್ತಬೇಡಿ. ಒಳಗೇ ಸತ್ತು ಅಂಟಿಕೊಂಡರೆ ಆಮೇಲೆ ತೆಗೆಯುವುದು ಕಷ್ಟ. ಮಾನಿಟರ್, ರೂಮಿನ ಲೈಟು ಎರಡೂ ಆರಿಸಿ, ಪರದೆಯ ಅಂಚಿಗೆ ಟಾರ್ಚ್ ಹಚ್ಚಿಡಿ. ಎಷ್ಟೋ ಸಲ ತಾನಾಗಿಯೇ ಹೊರಗೆ ಬರುತ್ತದೆ.

ಮೇಲಿನ ಉತ್ತರಗಳಲ್ಲಿ ಕೆಲವರು ಬ್ಲೋವರ್ ಹಿಡಿಯಿರಿ ಅಂದಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಹಿಂದಿನ ಕಿಂಡಿಗಳಿಂದ ಜೋರು ಗಾಳಿ ಬಿಟ್ಟರೆ ಅಲ್ಲಿ ಕೂತ ಧೂಳೂ ಹಾಳೆಗಳ ಮಧ್ಯೆ ಸೇರಿಕೊಳ್ಳುತ್ತದೆ. ಮೊದಲು ಪ್ಲಗ್ ತೆಗೆದು, ಮಾನಿಟರನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನಿಂದ ಬೆರಳ ತುದಿಯಲ್ಲಿ ಮೆಲ್ಲಗೆ ತಟ್ಟಿ ನೋಡಿ. ಸಡಿಲವಾಗಿ ಕೂತಿದ್ದರೆ ಕೆಳಗಿನ ಚೌಕಟ್ಟಿನ ಮರೆಗೆ ಬೀಳುತ್ತದೆ.

ಅದಕ್ಕೂ ಬಗ್ಗದಿದ್ದರೆ ಮಾತ್ರ ಬಿಚ್ಚಿ. ಹಿಂದಿನ ರಾತ್ರಿಯೇ ಪ್ಲಗ್ ತೆಗೆದಿಡಿ. ಪವರ್ ಸಪ್ಲೈ ಮಾನಿಟರ್ ಒಳಗೇ ಇದ್ದರೆ ಅದರ ದೊಡ್ಡ ಕೆಪಾಸಿಟರ್‌ನಲ್ಲಿ (ವಿದ್ಯುತ್ ಹಿಡಿದಿಡುವ ಭಾಗ) 300 ವೋಲ್ಟ್‌ಗೂ ಮೀರಿ ಚಾರ್ಜ್ ನಿಂತಿರಬಹುದು, ಆ ಬೋರ್ಡ್ ಮುಟ್ಟಲೇಬೇಡಿ. ರೂಮಿನ ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕೂತುಕೊಳ್ಳಿ. ಚೌಕಟ್ಟಿನ ಕ್ಲಿಪ್ ಬಿಡಿಸಲು ಹಳೆಯ ಎಟಿಎಂ ಕಾರ್ಡ್ ಸಾಕು.

ನಿಜವಾದ ಅಪಾಯ ಇರುವುದು ಗಾಜು ಎತ್ತುವಾಗ. ಗಾಜಿನ ಒಂದು ಅಂಚಿಗೆ ಉದ್ದನೆಯ ಸಣ್ಣ ಬೋರ್ಡ್ ಇರುತ್ತದೆ. ಎರಡನ್ನೂ ಸೇರಿಸುವುದು ಕಂದು ಬಣ್ಣದ ತೆಳು ಪಟ್ಟಿಗಳು. ಒಂದು ಪಟ್ಟಿ ಹರಿದರೂ ಪರದೆಯಲ್ಲಿ ಗೆರೆಗಳು ಬರುತ್ತವೆ, ಅಥವಾ ಒಂದು ಭಾಗ ಕಪ್ಪಾಗುತ್ತದೆ. ಮನೆಯಲ್ಲಿ ಅದನ್ನು ಅಂಟಿಸಲು ಆಗುವುದಿಲ್ಲ. ಗಾಜು, ಬೋರ್ಡ್ ಎರಡನ್ನೂ ಒಟ್ಟಿಗೇ ಎತ್ತಬೇಕು. ಜೊತೆಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು.

ಗಾಜಿನ ಕೆಳಗೆ ಹಾಲುಬಿಳುಪಿನ, ಮಿರುಗುವ ತೆಳು ಹಾಳೆಗಳು ಸಿಗುತ್ತವೆ. ಎತ್ತುವ ಮೊದಲೇ ಫೋಟೋ ತೆಗೆದಿಡಿ, ಯಾವುದು ಮೇಲೆ, ಯಾವ ಮುಖ ಮೇಲೆ ಅನ್ನುವುದು ತಪ್ಪಬಾರದು. ಅಂಚು ಮಾತ್ರ ಹಿಡಿಯಿರಿ. ಬಟ್ಟೆ, ಸ್ಪಿರಿಟ್ ಯಾವುದೂ ಬೇಡ, ಈ ಹಾಳೆಗಳಿಗೆ ಒರೆಸಿದರೆ ಗೀರು ಬೀಳುತ್ತದೆ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಕ್ಯಾಮೆರಾ ಲೆನ್ಸ್‌ಗೆ ಬಳಸುವ ರಬ್ಬರ್ ಬಲ್ಬಿನಿಂದ, ಹಾಳೆಯನ್ನು ನೆಟ್ಟಗೆ ಹಿಡಿದು ಗಾಳಿ ಹೊಡೆಯಿರಿ. ಗಾಜು ಮತ್ತೆ ಕೂರಿಸುವ ಮುಂಚೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಮೇಲಿಂದ ಕಾಣದ ಎಳೆ, ಕೂದಲು ಎಲ್ಲವೂ ಆಗ ಹೊಳೆಯುತ್ತವೆ.

ಪರದೆ ಬಾಗಿದ ಮಾದರಿಯದಾಗಿದ್ದರೆ ಅಥವಾ ವಾರಂಟಿ ಇದ್ದರೆ ಬಿಚ್ಚಲೇಬೇಡಿ. ನನ್ನನ್ನು ಕೇಳಿದರೆ, ಬಿಳಿ ಪರದೆಯಲ್ಲಿ ಮಾತ್ರ ಕಾಣುವ ಮೂಲೆಯ ಚುಕ್ಕೆಗಳನ್ನು ಹಾಗೇ ಬಿಡುತ್ತೇನೆ. ನೀವು ಫೋಟೋ ಎಡಿಟಿಂಗ್ ಮಾಡುವವರು, ನಿಮಗೆ ಅದು ಕಣ್ಣಿಗೆ ಚುಚ್ಚುತ್ತಿರಬಹುದು. ಬಾಣದ ಪರೀಕ್ಷೆ ಮಾಡಿ, ಮಾಡೆಲ್ ನಂಬರ್ ಜೊತೆ ಇಲ್ಲೇ ಹಾಕಿ. ಕ್ಲಿಪ್ ಯಾವ ಕಡೆಯಿಂದ ಬಿಡಿಸಬೇಕು ಅಂತ ನೋಡಿ ಹೇಳುತ್ತೇನೆ.