ಎರಡನೇ ಸಲ ಹಲ್ಲಿಗೆ ಕ್ಲಿಪ್ ಹಾಕಿಸುವ ಮುಂಚೆ

ತಂಗೀ,

ನೀನು ಬರೆದದ್ದನ್ನು ಎರಡು ಸಲ ಓದಿದೆ. ಹೈಸ್ಕೂಲಿನಲ್ಲಿದ್ದಾಗ ದಾವಣಗೆರೆಯಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿದ್ದೆ, ಈಗ 28ಕ್ಕೆ ಮುಂದಿನ ಹಲ್ಲುಗಳು ಮತ್ತೆ ಒಂದರ ಮೇಲೊಂದು ಹತ್ತುತ್ತಿವೆ, ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಬಂದು ಇನ್ನೂ 4 ತಿಂಗಳು. ಇಲ್ಲೇ ಮಾಡಿಸಲಾ, ರಜೆಗೆ ಊರಿಗೆ ಹೋದಾಗ ಮಾಡಿಸಲಾ, ಇಲ್ಲಿನ ಇನ್ಶೂರೆನ್ಸ್ ಕೊಡುತ್ತದಾ, ಡಾಕ್ಟರನ್ನು ಹೇಗೆ ಆರಿಸಲಿ ಅಂತ ಕೇಳಿದ್ದೀಯ. ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೇ ನಾನೂ ನೀನು ಅಂತಲೇ ಬರೆಯುತ್ತೇನೆ.

ನಾನೂ ಇದೇ ದಾರಿಯಲ್ಲಿ ನಡೆದವಳು. ದಾವಣಗೆರೆಯ ವಿದ್ಯಾನಗರದಲ್ಲಿ ಬೆಳೆದೆ, 15ಕ್ಕೆ ಕ್ಲಿಪ್ ಹಾಕಿಸಿಕೊಂಡೆ, ಅದಕ್ಕೆ ಜಾಗ ಮಾಡಲು ನಾಲ್ಕು ಹಲ್ಲು ಕಿತ್ತಿದ್ದರು. ಕ್ಲಿಪ್ ಬಿಚ್ಚಿದ ಮೇಲೆ, ಹಲ್ಲು ಮತ್ತೆ ಸರಿಯದಂತೆ ಹಿಡಿದಿಡಲು, ತಂತಿ ಇರುವ ಗುಲಾಬಿ ಬಣ್ಣದ ಪ್ಲೇಟ್ ಕೊಟ್ಟರು. ಪಿಯುಸಿ ಮುಗಿದ ಬೇಸಿಗೆಯಲ್ಲಿ ಗೆಳತಿಯರ ಜೊತೆ ಬೆಣ್ಣೆದೋಸೆ ತಿನ್ನಲು ಹೋದಾಗ ಅದನ್ನು ಬಾಯಿಂದ ತೆಗೆದು, ಪೇಪರಿನಲ್ಲಿ ಸುತ್ತಿ, ನೀರಿನ ಲೋಟದ ಪಕ್ಕ ಇಟ್ಟೆ. ಕೈ ತೊಳೆದು ಬರುವಷ್ಟರಲ್ಲಿ ಟೇಬಲ್ ಒರೆಸಿಯಾಗಿತ್ತು. ಮನೆಯಲ್ಲಿ ಹೇಳಲು ಹೆದರಿ ಸುಮ್ಮನಾದೆ. ಹೊಸ ಪ್ಲೇಟ್ ಮಾಡಿಸಲೇ ಇಲ್ಲ.

ನಿನ್ನ ಮನಸ್ಸಿನಲ್ಲಿ ತಪ್ಪಿತಸ್ಥ ಭಾವ ಇರುವುದು ಕಾಣುತ್ತದೆ, ಅದಕ್ಕೆ ಹೇಳುತ್ತೇನೆ. ಹಲ್ಲು ಹಳೆಯ ಜಾಗಕ್ಕೆ ವಾಪಸ್ ಹೋಗಲು ನೋಡುವುದು ಅದರ ಸ್ವಭಾವ. ಬೇರಿನ ಸುತ್ತಲಿನ ನಾರುಗಳು ಅದನ್ನು ಎಳೆಯುತ್ತವೆ. ಸಾಲದ್ದಕ್ಕೆ, ಕ್ಲಿಪ್ಪನ್ನೇ ಕಾಣದವರಿಗೂ ವಯಸ್ಸಾಗುತ್ತಾ ಕೆಳಗಿನ ಮುಂದಿನ ಹಲ್ಲುಗಳು ಇಕ್ಕಟ್ಟಾಗುತ್ತವೆ. ಎಲ್ಲವನ್ನೂ ನಿನ್ನ ತಲೆಯ ಮೇಲೆ ಹಾಕಿಕೊಳ್ಳಬೇಡ.

ಈಗ ನಾನು ಎಡವಿದ ಕಡೆ. ನನಗೆ 31 ಆದಾಗ ಇಲ್ಲಿನ ಒಂದು ಅಲೈನರ್ ಅಂಗಡಿಗೆ ಹೋದೆ. ಅಲೈನರ್ ಅಂದರೆ ಹಲ್ಲಿನ ಮೇಲೆ ಕೂರಿಸಿ ಅದನ್ನು ಸರಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚ. ತಂತಿ ಇಲ್ಲ, ಆಫೀಸಿನಲ್ಲಿ ಯಾರಿಗೂ ಕಾಣುವುದಿಲ್ಲ, ಬೆಲೆಯೂ ಕಡಿಮೆ. 20 ನಿಮಿಷದಲ್ಲಿ ಬಾಯಿ ಸ್ಕ್ಯಾನ್ ಮಾಡಿ, ನಗುವ ಹಲ್ಲುಗಳ ಚಿತ್ರ ತೋರಿಸಿ, ದುಡ್ಡು ಕಟ್ಟಿಸಿಕೊಂಡರು. ಎಕ್ಸ್‌ರೇ ಇಲ್ಲ. ಒಸಡು ಮುಟ್ಟಿ ನೋಡಲಿಲ್ಲ. ಹಿಂದೆ ಹಲ್ಲು ಕೀಳಿಸಿದ್ದು ಯಾಕೆ ಅಂತ ಕೇಳಲಿಲ್ಲ. ಅರ್ಧ ವರ್ಷವಾದಾಗ ಮುಂದಿನ ಹಲ್ಲು ನೇರವಾಗಿದ್ದವು, ಆದರೆ ಹಿಂದಿನ ದವಡೆ ಹಲ್ಲುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಚಪಾತಿ ಅಗಿಯುವುದಕ್ಕೂ ಕಷ್ಟ. ಅಲೈನರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಣ್ಣಪುಟ್ಟ ಸರಿಪಡಿಕೆಗೆ, ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಳ್ಳುವ ಶಿಸ್ತು ಇರುವವರಿಗೆ, ತಿಳಿದ ಡಾಕ್ಟರ ಕೈಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ನನಗೆ ಸಿಗದೆ ಹೋದದ್ದು ಅಂಥ ಡಾಕ್ಟರು. ಡಾಕ್ಟರ್ ಮುಖ ನೋಡದೆ ಮನೆಗೇ ಅಲೈನರ್ ತರಿಸಿಕೊಳ್ಳುವ ಯೋಚನೆ ಇದ್ದರೆ ಇನ್ನೂ ಹುಷಾರು. ಹಾಗೆ ಮಾರುತ್ತಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಅನ್ನುವ ದೊಡ್ಡ ಅಮೆರಿಕನ್ ಕಂಪನಿ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಅದರ ಚಿಕಿತ್ಸೆಯಲ್ಲಿದ್ದವರು ನಡುದಾರಿಯಲ್ಲಿ ಉಳಿದರು.

ಆಮೇಲೆ ನಾನು ಹೋದ ಡಾಕ್ಟರಮ್ಮ ಮಾಡಿದ್ದನ್ನು ವಿವರವಾಗಿ ಬರೆಯುತ್ತೇನೆ. ನಿನ್ನ ಡಾಕ್ಟರನ್ನು ನೀನು ಅಳೆಯಬೇಕಾದದ್ದು ಇದರಿಂದಲೇ.

ಮೊದಲು ಅವರು ಹಲ್ಲನ್ನು ನೋಡಲೇ ಇಲ್ಲ. ಯಾವ ವಯಸ್ಸಿನಲ್ಲಿ ಕ್ಲಿಪ್, ಎಷ್ಟು ತಿಂಗಳು, ಪ್ಲೇಟ್ ಎಷ್ಟು ದಿನ ಹಾಕಿದೆ, ಯಾವಾಗಿಂದ ಸರಿಯುತ್ತಿದೆ ಅಂತ ಕೇಳಿ ಬರೆದುಕೊಂಡರು. ಆಮೇಲೆ ಸಣ್ಣ ಕಡ್ಡಿಯಂಥ ಸಾಧನದಿಂದ ಪ್ರತಿ ಹಲ್ಲಿನ ಬುಡದಲ್ಲಿ ಒಸಡಿನ ಆಳ ನೋಡುತ್ತಾ, ಪಕ್ಕದಲ್ಲಿ ಬರೆದುಕೊಳ್ಳುವ ಹುಡುಗಿಗೆ "ತ್ಸ್ವೈ, ದ್ರೈ, ತ್ಸ್ವೈ" ಅಂತ ಹೇಳುತ್ತಾ ಹೋದರು. ಎರಡು, ಮೂರು, ಎರಡು ಮಿಲಿಮೀಟರ್ ಅಂತ. ದೊಡ್ಡವರಲ್ಲಿ ಒಸಡಿನ ರೋಗ ಒಳಗೇ ಇದ್ದು, ಅದರ ಮೇಲೆ ಹಲ್ಲು ಸರಿಸಿದರೆ ಎಲುಬು ಕರಗಿ ಹಲ್ಲೇ ಅಲುಗಾಡಬಹುದು. ಎಕ್ಸ್‌ರೇ ತೆಗೆಸಿ, ಮೊದಲ ಸಲದ ಕ್ಲಿಪ್‌ನಿಂದ ಬೇರಿನ ತುದಿ ಸವೆದಿದೆಯಾ ಅಂತ ತೋರಿಸಿದರು. ನನಗೆ ಎರಡು ಹಲ್ಲಿನ ಬೇರು ಸ್ವಲ್ಪ ಗಿಡ್ಡವಾಗಿದ್ದವು. ಹಾಗಾಗಿ ಮೆಲ್ಲಗೆ, ಕಡಿಮೆ ಒತ್ತಡದಲ್ಲಿ ಸರಿಸೋಣ ಅಂದರು.

ಕೊನೆಗೆ ಒಂದು ಲೋಟ ನೀರು ಕೊಟ್ಟು, ಕೈಗನ್ನಡಿ ಹಿಡಿಸಿ, ಒಂದು ಗುಟುಕು ನುಂಗು ಅಂದರು. ನುಂಗುವಾಗ ತಮ್ಮ ಹೆಬ್ಬೆರಳಿನಿಂದ ನನ್ನ ಕೆಳತುಟಿ ಸರಿಸಿದರು. ಕನ್ನಡಿಯಲ್ಲಿ ನನ್ನ ನಾಲಿಗೆಯ ತುದಿ ಮೇಲಿನ, ಕೆಳಗಿನ ಹಲ್ಲುಗಳ ನಡುವೆ ನುಗ್ಗಿ ಹೊರಗೆ ತಳ್ಳುವುದು ಕಂಡಿತು. ದಿನಕ್ಕೆ ನೂರಾರು ಸಲ ನುಂಗುತ್ತೇವಲ್ವಾ, ಅಷ್ಟು ಸಲವೂ ನಾಲಿಗೆ ಹಲ್ಲನ್ನು ನೂಕುತ್ತಿತ್ತು. ಇಷ್ಟು ವರ್ಷ ಯಾರೂ ಇದನ್ನು ನನಗೆ ತೋರಿಸಿರಲಿಲ್ಲ. ಪ್ಲೇಟ್ ಕಳೆದದ್ದೇ ಕಾರಣ ಅಂದುಕೊಂಡಿದ್ದೆ. ಕ್ಲಿಪ್ ಜೊತೆಗೇ ಸ್ಪೀಚ್ ಥೆರಪಿಸ್ಟ್ ಹತ್ತಿರ ನಾಲಿಗೆಗೆ ವ್ಯಾಯಾಮ ಕಲಿತೆ. ಹಲ್ಲು ಯಾಕೆ ವಾಪಸ್ ಹೋಯಿತು ಅಂತ ಹುಡುಕದೆ ಬರೀ ಹೇಗೆ ನೇರ ಮಾಡುವುದು ಅಂತ ಮಾತಾಡುವ ಡಾಕ್ಟರ್ ಹತ್ತಿರ ಎರಡನೇ ಸಲ ಕೂರಬೇಡ. ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬ್ರಾಕೆಟ್ ಯಾವ ಬ್ರ್ಯಾಂಡ್, ಪಿಂಗಾಣಿಯದಾ ಲೋಹದ್ದಾ ಅನ್ನುವುದೆಲ್ಲ ಆಮೇಲಿನ ಮಾತು.

ಜರ್ಮನಿಯಲ್ಲಿ ಬೋರ್ಡ್ ಓದುವುದನ್ನು ಕಲಿ. "ಫಾಖ್‌ತ್ಸಾನ್‌ಆರ್ಟ್ಸ್ಟ್ ಫ್ಯೂರ್ ಕೀಫರ್‌ಓರ್ಥೊಪೆಡೀ" ಅಂತ ಇದ್ದರೆ ದಂತವೈದ್ಯಕೀಯದ ಮೇಲೆ ಇನ್ನೂ ಕೆಲವು ವರ್ಷ ಇದನ್ನೇ ಕಲಿತ ತಜ್ಞರು ಅಂತ ಅರ್ಥ. ನಮ್ಮಲ್ಲಿ ಬಿಡಿಎಸ್ ಪದವಿಯ ಮೇಲೆ ಆರ್ಥೊ, ಅಂದರೆ ಹಲ್ಲು ಸರಿಪಡಿಸುವ ವಿಭಾಗದಲ್ಲಿ, ಎಂಡಿಎಸ್ ಸ್ನಾತಕೋತ್ತರ ಪದವಿ ಮಾಡಿದ ಹಾಗೆ. "ಟೇಟಿಗ್‌ಕೈಟ್ಸ್‌ಶ್ವೆರ್‌ಪುಂಕ್ಟ್" ಅಂತ ಬರೆದಿದ್ದರೆ ಆ ಕೆಲಸ ಜಾಸ್ತಿ ಮಾಡುತ್ತಾರೆ ಅಂತ ಅಷ್ಟೇ, ತಜ್ಞರ ಪದವಿ ಅಲ್ಲ. ಎರಡನೇ ಸಲದ ಕೇಸಿಗೆ ತಜ್ಞರೇ ಬೇಕು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಿನ್ನ ಸಂಬಳದಲ್ಲಿ ಕಡಿತವಾಗುವ ಕ್ರಾಂಕೆನ್‌ಕಾಸ್ಸೆ, ಅಂದರೆ ಇಲ್ಲಿನ ಆರೋಗ್ಯ ಇನ್ಶೂರೆನ್ಸ್, 18 ತುಂಬಿದ ಮೇಲೆ ಶುರು ಮಾಡಿದ ಕ್ಲಿಪ್ಪಿಗೆ ಕೊಡುವುದಿಲ್ಲ. ದವಡೆಗೇ ದೊಡ್ಡ ದೋಷವಿದ್ದು, ಆಪರೇಷನ್ ಕೂಡ ಬೇಕಾದಾಗ ಮಾತ್ರ ಅದಕ್ಕೆ ವಿನಾಯಿತಿ. ಕ್ಲಿಪ್ ಬೇಕು ಅಂತ ಡಾಕ್ಟರ್ ಹೇಳಿದ ಮೇಲೆ ಹಲ್ಲಿನ ಹೊಸ ಪಾಲಿಸಿ ಮಾಡಿಸಿದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಖರ್ಚು ಕೆಲವು ಸಾವಿರ ಯೂರೋ. ಸಹಿ ಹಾಕುವ ಮುಂಚೆ ಚಿಕಿತ್ಸೆಯ ಯೋಜನೆಯನ್ನೂ ಖರ್ಚನ್ನೂ ಬರವಣಿಗೆಯಲ್ಲಿ ಕೇಳು. ಕೊನೆಯಲ್ಲಿ ಹಲ್ಲು ಹಿಡಿದಿಡಲು ಹಾಕುವ ರಿಟೇನರ್ ಅದರಲ್ಲಿ ಸೇರಿದೆಯಾ, ಕೆಲಸ ಬದಲಾಗಿ ಊರು ಬಿಟ್ಟರೆ ಲೆಕ್ಕ ಹೇಗೆ ಮುಗಿಸುತ್ತಾರೆ ಅಂತಲೂ ಕೇಳು. ವೀಸಾದ ಮೇಲೆ ಬದುಕುವ ನಮಗೆ ಇದು ಸಣ್ಣ ಪ್ರಶ್ನೆ ಅಲ್ಲ.

ಹಾಗಾದರೆ ದಾವಣಗೆರೆಯಲ್ಲೇ ಮಾಡಿಸಬಾರದಾ? ನಮ್ಮೂರಲ್ಲಿ ಹಲ್ಲಿನ ಡಾಕ್ಟರಿಗೆ ಬರವಿಲ್ಲ. ಬಾಪೂಜಿ ಡೆಂಟಲ್ ಕಾಲೇಜು 1979ರಿಂದ ಇದೆ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ 1991ರಿಂದ. ಅಲ್ಲಿ ಕಲಿತವರು ಇಲ್ಲಿನವರಿಗೆ ಏನೂ ಕಡಿಮೆಯಿಲ್ಲ, ಖರ್ಚೂ ತುಂಬಾ ಕಡಿಮೆ. ಆದರೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿಯುತ್ತದೆ. 4ರಿಂದ 8 ವಾರಕ್ಕೊಮ್ಮೆ ಡಾಕ್ಟರ್ ನೋಡಲೇಬೇಕು. ನನಗೆ ಒಟ್ಟು 19 ತಿಂಗಳು ಹಿಡಿಯಿತು. ಮೂರು ವಾರದ ರಜೆಯಲ್ಲಿ ತಂತಿ ಹಾಕಿಸಿಕೊಂಡು ವಿಮಾನ ಹತ್ತಿದರೆ, ಬ್ರಾಕೆಟ್ ಕಿತ್ತುಬಂದ ದಿನ ಇಲ್ಲಿ ಯಾರೂ ಸುಲಭವಾಗಿ ಬೇರೆಯವರ ಕೇಸಿಗೆ ಕೈ ಹಾಕುವುದಿಲ್ಲ. ವರ್ಷಗಟ್ಟಲೆ ಊರಿಗೇ ವಾಪಸ್ ಹೋಗುವ ಯೋಚನೆ ಇದ್ದರೆ ಮಾತ್ರ ಅಲ್ಲಿ ಶುರು ಮಾಡು.

ರಜೆಯಲ್ಲಿ ಮಾಡಬಹುದಾದ ಕೆಲಸ ಬೇರೆ ಇದೆ. ನಿನಗೆ ಮೊದಲು ಕ್ಲಿಪ್ ಹಾಕಿದ ಕಡೆ ಹೋಗಿ ಹಳೆಯ ಎಕ್ಸ್‌ರೇ, ಫೋಟೋ, ಬಿಳಿ ಪ್ಲಾಸ್ಟರಿನ ಹಲ್ಲಿನ ಅಚ್ಚು ಏನಾದರೂ ಉಳಿದಿದೆಯಾ ಕೇಳು. ಹಳೆಯ ಕಾರ್ಡಿನ ನಂಬರ್ ಇದ್ದರೆ ಹುಡುಕುವುದು ಸುಲಭ. ನನ್ನ ಅಚ್ಚು ನಮ್ಮಪ್ಪನ ಗಾಡ್ರೇಜ್ ಬೀರುವಿನಲ್ಲಿ, ಎಲ್‌ಐಸಿ ಕಾಗದಗಳ ಹಿಂದೆ, ಹತ್ತಿಯಲ್ಲಿ ಸುತ್ತಿ ಇಟ್ಟಿತ್ತು. ಡಾಕ್ಟರಮ್ಮ ಅದನ್ನು ಈಗಿನ ಅಚ್ಚಿನ ಪಕ್ಕ ಇಟ್ಟು, ಯಾವ ಹಲ್ಲು ಎಷ್ಟು ತಿರುಗಿದೆ ಅಂತ ಪೆನ್ಸಿಲ್ ತುದಿಯಲ್ಲಿ ತೋರಿಸಿದರು. ಇವತ್ತೇ ಮನೆಗೆ ಫೋನ್ ಮಾಡಿ ಹುಡುಕಲು ಹೇಳು.

ಇಲ್ಲಿ ಇಬ್ಬರು ತಜ್ಞರ ಹತ್ತಿರ ಈಗಲೇ ಟರ್ಮಿನ್ (ಅಪಾಯಿಂಟ್‌ಮೆಂಟ್) ತಗೋ, ಕಾಯಬೇಕಾಗಬಹುದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುತ್ತಾರಾ ನೋಡು. ಮೊದಲ ಸಲ ಜರ್ಮನ್ ಅರ್ಥವಾಗದೆ ಒದ್ದಾಡಬೇಡ. ಶುಕ್ರವಾರ ಮಧ್ಯಾಹ್ನದ ಮೇಲೆ ನನಗೆ ಬಿಡುವಿರುತ್ತದೆ, ನಾನೇ ಜೊತೆಗೆ ಬಂದು ಕೂರುತ್ತೇನೆ.